ಒಂದು ಸರ್ವೆ ನಂಬರ್, ಹಲವು ಕಾಲಂ: ಡೇಟಾಬೇಸ್ ಉತ್ತರಿಸುವ ಬಗೆ

ಪಾಂಡವಪುರ: ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ರೈತರಿಗೆ ಪಹಣಿ ಚಿರಪರಿಚಿತ. ಸರ್ವೆ ನಂಬರ್ ಒಂದನ್ನು ಕೊಟ್ಟರೆ ಮಾಲೀಕರ ಹೆಸರು, ವಿಸ್ತೀರ್ಣ, ಕಂದಾಯ, ನೀರಾವರಿ ಮೂಲ, ಋಣ, ಬೆಳೆ ಎಲ್ಲವೂ ಒಂದೇ ದಾಖಲೆಯಲ್ಲಿ ದೊರೆಯುತ್ತವೆ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕೀಕರಣಗೊಂಡವು.

ಇಂತಹ ದಾಖಲೆಯನ್ನು ಡೇಟಾಬೇಸ್‌ನಿಂದ ಪಡೆಯುವ ಕ್ರಮ ಹೇಗಿರಬೇಕು? ಪಹಣಿಯನ್ನು ಕೇವಲ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಒಂದೇ ಉತ್ತರದ ಮಿತಿ

ಪದೇ ಪದೇ ಬೇಕಾಗುವ ಲೆಕ್ಕಾಚಾರಕ್ಕೆ ಹೆಸರಿಟ್ಟು ಡೇಟಾಬೇಸ್‌ನಲ್ಲಿಯೇ ಉಳಿಸಿದರೆ ಅದು ‘ಸ್ಟೋರ್ಡ್ ಫಂಕ್ಷನ್’. ಸಾಮಾನ್ಯ ಫಂಕ್ಷನ್ ಒಂದೇ ಮೌಲ್ಯವನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಕೆಲವರು ಹೆಸರಿಗೊಂದು, ವಿಸ್ತೀರ್ಣಕ್ಕೊಂದು ಫಂಕ್ಷನ್ ಬರೆಯುತ್ತಾರೆ. ಅಪಾಯವಿರುವುದು ಇಲ್ಲಿಯೇ. ಎರಡು ಪ್ರತ್ಯೇಕ ಪ್ರಶ್ನೆಗಳ ನಡುವೆ ಹಕ್ಕು ಬದಲಾವಣೆ ದಾಖಲಾದರೆ, ಹಳೆಯ ಮಾಲೀಕರ ಹೆಸರಿನ ಮುಂದೆ ಹೊಸ ವಿಸ್ತೀರ್ಣ ಬರಬಹುದು. ಬೆಳೆ ಸಾಲ ಕೇಳಲು ಹೋದ ರೈತನಿಗೆ ಅದು ಸಣ್ಣ ತೊಡಕಲ್ಲ.

ಪರಿಹಾರವೇನು?

ಫಂಕ್ಷನ್ ಒಂದು ಕೋಷ್ಟಕವನ್ನೇ ಹಿಂದಿರುಗಿಸುವಂತೆ ಮಾಡುವುದು. ಎಸ್‌ಕ್ಯೂಎಲ್ ಸರ್ವರ್ 2000 ಆವೃತ್ತಿಯಲ್ಲಿ ಈ ಸೌಲಭ್ಯ ಬಂದಿತು. ಪೋಸ್ಟ್‌ಗ್ರೆಸ್‌ನಲ್ಲಿ 2005ರ 8.1 ಆವೃತ್ತಿ ‘ಔಟ್’ ನಿಯತಾಂಕಗಳನ್ನೂ, 2009ರ 8.4 ಆವೃತ್ತಿ ‘ರಿಟರ್ನ್ಸ್ ಟೇಬಲ್’ ವಿಧಾನವನ್ನೂ ತಂದವು. ಮೈಎಸ್‌ಕ್ಯೂಎಲ್ ಫಂಕ್ಷನ್ ಮಾತ್ರ ಒಂದೇ ಮೌಲ್ಯ ಕೊಡುತ್ತದೆ. ಅಲ್ಲಿ ಪ್ರೊಸೀಜರ್ ಬಳಸಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಕೇವಲ ‘ಔಟ್’ ಬಳಸಿದರೆ ಒಂದೇ ಸಾಲು ಬರುತ್ತದೆ. ಅಣ್ಣತಮ್ಮಂದಿರ ಜಂಟಿ ಖಾತೆಯಿದ್ದರೆ ಉಳಿದವರ ಹೆಸರು ಬಿಟ್ಟುಹೋಗುತ್ತದೆ. ‘ರಿಟರ್ನ್ಸ್ ಟೇಬಲ್’ ಎಷ್ಟು ಸಾಲುಗಳನ್ನಾದರೂ ಕೊಡಬಲ್ಲದು. ಪ್ರತಿ ಕಾಲಂನ ಹೆಸರು, ಬಗೆ ಮೊದಲೇ ನಿಗದಿಯಾಗಿರುತ್ತದೆ. ಶ್ರೀರಂಗಪಟ್ಟಣದ ನಾಲೆ ಬಯಲಿನ ಗದ್ದೆಗೆ ನೀರಾವರಿ ಮೂಲದ ಕಾಲಂ ತುಂಬಿರುತ್ತದೆ. ನಾಗಮಂಗಲದ ಮಳೆಯಾಶ್ರಿತ ರಾಗಿ ಹೊಲಕ್ಕೆ ಅದು ಖಾಲಿ ಉಳಿಯಬಹುದು. ಆದರೆ ಕಾಲಂ ಅದರ ಸ್ಥಾನದಲ್ಲಿಯೇ ಇರುತ್ತದೆ.

ಗಮನಿಸಬೇಕಾದ ಅಂಶ

ಇಂತಹ ಫಂಕ್ಷನ್ ಅನ್ನು ಕೋಷ್ಟಕದಂತೆ ‘ಫ್ರಮ್’ ಭಾಗದಲ್ಲಿ ಕರೆಯಬೇಕು. ‘ಸೆಲೆಕ್ಟ್’ ಭಾಗದಲ್ಲಿ ಕರೆದು, ಬಂದ ಫಲಿತಾಂಶವನ್ನು ನಕ್ಷತ್ರ ಚಿಹ್ನೆಯಿಂದ ಕಾಲಂಗಳಾಗಿ ಬಿಡಿಸಿದರೆ, ಕಾಲಂಗೊಂದರಂತೆ ಅದು ಮತ್ತೆ ಮತ್ತೆ ನಡೆಯಬಹುದು. ಹತ್ತು ಕಾಲಂಗಳಿದ್ದರೆ ಕೆಲಸವೂ ಹತ್ತು ಪಟ್ಟು. ಫಂಕ್ಷನ್‌ನ ಒಳಗೂ ಎಲ್ಲ ವಿವರಗಳನ್ನು ಒಂದೇ ಪ್ರಶ್ನೆಯಲ್ಲಿ ಪಡೆಯುವುದು ಕ್ಷೇಮ. ಹಾಗಾದಾಗ ಹೆಸರು, ವಿಸ್ತೀರ್ಣ, ಋಣ ಮೂರೂ ಒಂದೇ ಕ್ಷಣದ ದಾಖಲೆಯಾಗಿರುತ್ತವೆ.