"ಅವರು ಯಾಕೆ ಹಾಗಿದ್ದಾರೆ?" ಎಂದು ಮಗು ಕೇಳಿದಾಗ

ಭೋಸರಿಯ ಎಂಐಡಿಸಿ ಕಾರ್ಖಾನೆಗಳಿಗೆ ಕೆಲಸ ಹುಡುಕಿ ಬಂದ ಕಲಬುರಗಿ, ವಿಜಯಪುರ ಕಡೆಯ ಕುಟುಂಬಗಳ ಮಕ್ಕಳು ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ ಕೇಳುತ್ತಾ ಬೆಳೆಯುತ್ತಾರೆ. ಎಲ್ಲರೂ ತಮ್ಮಂತಿಲ್ಲ ಎಂಬುದು ಅವರಿಗೆ ಬೇಗನೆ ತಿಳಿಯುತ್ತದೆ. ಆ ವ್ಯತ್ಯಾಸವನ್ನು ಹೇಗೆ ಕಾಣಬೇಕು ಎಂಬುದನ್ನು ದೊಡ್ಡವರನ್ನು ನೋಡಿ ಕಲಿಯುತ್ತಾರೆ.

ಯಾವ ವಯಸ್ಸಿನಲ್ಲಿ ಅರ್ಥವಾಗುತ್ತದೆ?

1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಶೋಧಕಿ ಮಕ್ಕಳೆದುರು ಬಿಸ್ಕತ್ತಿಗೆ ಮುಖ ಸಿಂಡರಿಸಿ, ಬ್ರೊಕೊಲಿ ತರಕಾರಿಯನ್ನು ಖುಷಿಯಿಂದ ತಿಂದು ತೋರಿಸಿ, ನಂತರ ಕೈಚಾಚಿದರು. 14 ತಿಂಗಳ ಮಕ್ಕಳು ಹೆಚ್ಚಾಗಿ ತಮಗಿಷ್ಟವಾದ ಬಿಸ್ಕತ್ತನ್ನೇ ಕೊಟ್ಟರು. 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ಟರು. ಇನ್ನೊಬ್ಬರ ಇಷ್ಟ ಬೇರೆ ಇರಬಹುದು ಎಂಬ ಅರಿವು ಅಷ್ಟು ಬೇಗ ಚಿಗುರುತ್ತದೆ. ಅದನ್ನು ಬೆಳೆಸುವುದು ಮನೆಯವರ ಕೆಲಸ.

ಮಗು ಪ್ರಶ್ನೆ ಕೇಳಿದರೆ ಏನು ಹೇಳಬೇಕು?

"ಅವ್ವಾ, ಆ ಮಾಮಾನ ಕೈ ಯಾಕ ಬೆಳ್ಳಗ ಐತಿ?" ಎಂದು ಮಗು ಬಸ್ಸಿನಲ್ಲಿ ಜೋರಾಗಿ ಕೇಳಿದರೆ ಮುಜುಗರವಾಗುವುದು ಸಹಜ. ಆದರೆ "ಸುಮ್ನಿರು" ಎಂದು ಗದರಿದರೆ, ಅದು ಹೆದರುವಂಥ ಅಥವಾ ನಾಚಿಕೆಪಡುವಂಥ ಸಂಗತಿ ಎಂದು ಮಗು ತಿಳಿಯುತ್ತದೆ. ಎರಡು ಮಾತಿನಲ್ಲಿ ನಿಜ ಹೇಳಿ: "ಅದಕ್ಕ ತೊನ್ನು ಅಂತಾರ. ಮುಟ್ಟಿದ್ರ ಯಾರಿಗೂ ಬರೂದಿಲ್ಲ."

ಇದು ಆರೋಗ್ಯದ ವಿಷಯವೂ ಹೌದು

ಗೆಳೆಯರು ನಗುತ್ತಾರೆ ಎಂಬ ಅಂಜಿಕೆಯಿಂದ ಕೆಲವು ಮಕ್ಕಳು ಇನ್ಹೇಲರ್ ಅನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ, ಇನ್ಸುಲಿನ್ ತಪ್ಪಿಸುತ್ತಾರೆ, ಶ್ರವಣಯಂತ್ರವನ್ನು ಬಿಚ್ಚಿಡುತ್ತಾರೆ. ಔಷಧಿ ಸರಿಯಾಗಿದ್ದರೂ ಉಬ್ಬಸ ಹೆಚ್ಚುತ್ತದೆ, ಸಕ್ಕರೆ ಪ್ರಮಾಣ ಏರುತ್ತದೆ. ನಿಮ್ಮ ಮಗು ಗೇಲಿ ಮಾಡದಿದ್ದರೆ, ಪಕ್ಕದಲ್ಲಿ ಕೂತ ಮಗು ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳಬಹುದು. ಅಸ್ತಮಾ, ಮಧುಮೇಹ, ಮೂರ್ಛೆರೋಗ ಇವು ಜೊತೆಗೆ ಕೂತರೆ, ಆಡಿದರೆ ಅಂಟುವುದಿಲ್ಲ ಎಂದು ಮಗುವಿಗೆ ಹೇಳಿಕೊಡಿ.

ಮನೆಯಲ್ಲಿ ಹೀಗೆ ಮಾಡಿ

• "ಕುಂಟ", "ಕಿವುಡ" ಎನ್ನದೆ ಎಲ್ಲರನ್ನೂ ಹೆಸರಿನಿಂದ ಕರೆಯಿರಿ.
• "ಅಯ್ಯೋ ಪಾಪ" ಎನ್ನುವುದನ್ನು ಬಿಡಿ. ಅದು ಕನಿಕರ. "ನೀನೂ ಆಟಕ್ಕೆ ಬಾ" ಎನ್ನುವುದು ಸಹಾನುಭೂತಿ.
• ಸಹಾಯಕ್ಕೆ ಮುಂಚೆ "ಸಹಾಯ ಬೇಕಾ?" ಎಂದು ಕೇಳುವುದನ್ನು ಕಲಿಸಿ. ಗಾಲಿಕುರ್ಚಿ, ಶ್ರವಣಯಂತ್ರಗಳನ್ನು ಕೇಳದೆ ಮುಟ್ಟಬಾರದು.
• ಮಗು ಯಾರನ್ನಾದರೂ ನೋಯಿಸಿದರೆ, ತಕ್ಷಣ "ಸಾರಿ" ಹೇಳಿಸುವ ಬದಲು, "ಅವಳ ಮುಖ ನೋಡು, ಹೇಗನಿಸಿರಬಹುದು?" ಎಂದು ಕೇಳಿ. "ಈಗ ಏನು ಮಾಡೋಣ?" ಎಂಬುದನ್ನು ಮಗುವೇ ಯೋಚಿಸಲಿ.

ನಿಮ್ಮ ಮಗುವಿಗೇ ಕಾಯಿಲೆ ಅಥವಾ ಅಂಗವಿಕಲತೆ ಇದ್ದರೆ

ಗೆಳೆಯರಿಗೆ ಹೇಳಲು ಒಂದು ಸರಳ ಉತ್ತರ ಅಭ್ಯಾಸ ಮಾಡಿಸಿ: "ಇದು ನನ್ನ ಕಿವಿ ಮಷೀನು. ಇದರಿಂದ ನನಗೆ ಚೆನ್ನಾಗಿ ಕೇಳಿಸುತ್ತೆ." ಔಷಧಿಯ ಹೊತ್ತನ್ನು ಶಿಕ್ಷಕರಿಗೆ ಮೊದಲೇ ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆಯ ಪ್ರಮಾಣಪತ್ರವಿದ್ದರೆ, 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಮಗು ಶಾಲೆಗೆ ಹೋಗಲು ಹಠ ಮಾಡಿದರೆ, ಬೆಳಗಾದರೆ ಹೊಟ್ಟೆನೋವು ಎಂದರೆ ಅಥವಾ ಔಷಧಿ ಬಚ್ಚಿಟ್ಟರೆ ಬೈಯಬೇಡಿ. ಯಾರಾದರೂ ಕಾಡುತ್ತಿದ್ದಾರೆಯೇ ಎಂದು ನಿಧಾನವಾಗಿ ಕೇಳಿ. ಶಿಕ್ಷಕರೊಂದಿಗೂ ವೈದ್ಯರೊಂದಿಗೂ ಮಾತನಾಡಿ. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ.