ಮಡಿಸುವ ಚಾಕುವಿನ ವ್ಯಾಪಾರ: ವಿನ್ಯಾಸ, ಗುಣಮಟ್ಟ ಮತ್ತು ನಂಬಿಕೆ

ಕಾಫಿ ಕೊಯ್ಲು ಮುಗಿದು ಗಿಡಕಸಿ ಆರಂಭವಾಗುವ ವೇಳೆಗೆ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕತ್ತಿ, ಕಸಿ ಕತ್ತರಿ ಹಾಗೂ ಗರಗಸಗಳಿಗೆ ಬೇಡಿಕೆ ಏರುತ್ತದೆ. ಇವುಗಳ ಪಕ್ಕದಲ್ಲಿಯೇ ಗಾಜಿನ ಕಪಾಟಿನೊಳಗೆ ಕಾಣುವ ಮಡಿಸುವ ಚಾಕುವಿನ ವ್ಯಾಪಾರವು ಮೊತ್ತದಲ್ಲಿ ಸಣ್ಣದು. ಆದರೆ ವರ್ತಕನ ಮೇಲೆ ಗ್ರಾಹಕನು ಇಟ್ಟಿರುವ ನಂಬಿಕೆಯು ಪರೀಕ್ಷೆಗೆ ಒಳಗಾಗುವುದು ಇಂತಹ ಸರಕಿನಲ್ಲಿಯೇ ಹೆಚ್ಚು. ಕತ್ತಿಯ ಗುಣ ಮಲೆನಾಡಿನ ಬೆಳೆಗಾರನಿಗೆ ಕೈಯಲ್ಲಿ ಹಿಡಿದೊಡನೆ ತಿಳಿಯುತ್ತದೆ. ಮಡಿಸುವ ಚಾಕುವಿನಲ್ಲಿ ಅವನಿಗೆ ಮೊದಲು ಕಾಣುವುದು ಬೆಲೆ ಮತ್ತು ಹೊಳಪು ಮಾತ್ರ.

ಊರಿನ ಕಮ್ಮಾರನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಕತ್ತಿಯ ಮೇಲೆ ಯಾವ ಮುದ್ರೆಯೂ ಇರುವುದಿಲ್ಲ. ಆದರೂ ಅದಕ್ಕೆ ಭರವಸೆ ಉಂಟು. ಹದ ತಪ್ಪಿ ಬಾಯಿ ಮಡಚಿದರೆ ಅದೇ ಕುಲುಮೆಗೆ ಮರಳಿ ಹೋಗಿ ಮತ್ತೆ ಹದ ಹಾಕಿಸಿಕೊಂಡು ಬರಬಹುದು. ಮಾಡಿದವನಿಗೆ ಮುಖವಿದೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಯಾಂಗ್‌ಜಿಯಾಂಗ್ ಚೀನಾದ ಚಾಕು ತಯಾರಿಕೆಯ ದೊಡ್ಡ ಕೇಂದ್ರ. ಅಲ್ಲಿಂದಲೋ ಬೇರೆಡೆಯಿಂದಲೋ ಎರಡು ಮೂರು ಸಗಟು ವ್ಯಾಪಾರಿಗಳ ಕೈದಾಟಿ ಬಂದ ಅಗ್ಗದ ಮಡಿಸುವ ಚಾಕುವಿಗೆ ಅಂತಹ ಮುಖವಿಲ್ಲ. ಅದನ್ನು ಮಾರುವ ಅಂಗಡಿಯವನ ಮುಖವೇ ಅದರ ಮುಖವಾಗುತ್ತದೆ.

ಯಾವ ಕೆಲಸಕ್ಕೆ ಯಾವ ಚಾಕು

ಆಯ್ಕೆಯ ತೊಡಕು ಮಾತಿನಿಂದಲೇ ಆರಂಭವಾಗುತ್ತದೆ. ಕಾಫಿ ತೋಟದಲ್ಲಿ 'ಕಸಿ' ಎಂದರೆ ಗಿಡದ ಬೇಡವಾದ ರೆಂಬೆಗಳನ್ನು ಕತ್ತರಿಸಿ ಹದಗೊಳಿಸುವುದು. ನರ್ಸರಿಯವರಿಗೂ ತೋಟಗಾರಿಕೆ ಕಾಲೇಜಿನವರಿಗೂ 'ಕಸಿ' ಎಂದರೆ ಒಂದು ಗಿಡದ ಕುಡಿಯನ್ನು ಮತ್ತೊಂದಕ್ಕೆ ಕೂಡಿಸುವುದು. 'ಕಸಿ ಚಾಕು ಕೊಡಿ' ಎಂದು ಕೇಳಿದ ಗ್ರಾಹಕನಿಗೆ ಈ ಎರಡರಲ್ಲಿ ಯಾವುದು ಬೇಕೆಂದು ಕೇಳದೆ ಕೊಟ್ಟರೆ ಸರಕು ಮರಳಿ ಬರುವುದು ಸಹಜ. ಕುಡಿ ಕೂಡಿಸುವ ಚಾಕುವಿನ ಅಲಗು ನೇರವಾಗಿದ್ದು ಒಂದೇ ಮಗ್ಗುಲಿಗೆ ಸಾಣೆ ಹಿಡಿದಿರುತ್ತದೆ. ಆಗ ಮಾತ್ರ ಕೊಯ್ತ ಸಮತಟ್ಟಾಗಿ ಬಂದು ಎರಡು ತುಂಡುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಡಗೈ ಬಳಸುವವರಿಗೆ ಇದರ ಸಾಣೆ ತಿರುವುಮುರುವಾಗಬೇಕು. ರೆಂಬೆ ಕತ್ತರಿಸುವ ಚಾಕುವಿನ ಅಲಗು ಕೊಕ್ಕಿನಂತೆ ಒಳಕ್ಕೆ ಬಾಗಿರುತ್ತದೆ.

ಇವೆರಡೂ ಅಲ್ಲದ ಸಾಮಾನ್ಯ ಚಾಕುವಿಗೂ ತೋಟದಲ್ಲಿ ದಿನವಿಡೀ ಕೆಲಸವಿದೆ. ಮೆಣಸಿನ ಬಳ್ಳಿ ಕಟ್ಟಿದ ಹಗ್ಗ ತುಂಡರಿಸುವುದು, ಕಣದಲ್ಲಿ ಗೋಣಿಚೀಲದ ಹೊಲಿಗೆ ಬಿಚ್ಚುವುದು, ಎಳೆಯ ಕಂಬಚಿಗುರು ತೆಗೆಯುವುದು ಮೊದಲಾದವು. ರೈಟರ್ ಮತ್ತು ಮೇಸ್ತ್ರಿಗಳ ಜೇಬಿನಲ್ಲಿರುವುದು ಇದೇ ಚಾಕು. ಬೆರಳಿಗಿಂತ ದಪ್ಪನಾದ ಕಾಂಡಕ್ಕೆ ಇದನ್ನು ಬಳಸುವುದು, ಕಾಂಡಕೊರಕದ ಸುರಂಗವನ್ನು ಇದರ ತುದಿಯಿಂದ ಮೀಟಿ ನೋಡುವುದು ಇವೆಲ್ಲ ಚಾಕುವಿನ ದೋಷವಲ್ಲದ ದೋಷಗಳು. ಇದನ್ನು ಮಾರುವಾಗಲೇ ಹೇಳಿಬಿಟ್ಟರೆ ನಂತರದ ವಾದ ತಪ್ಪುತ್ತದೆ.

ಹಿಡಿಯ ಬಣ್ಣವೂ ವಿನ್ಯಾಸದ ಅಂಗವೇ. ಕಪ್ಪು ಅಥವಾ ಸೈನಿಕರ ಉಡುಪಿನ ಬಣ್ಣದ ಹಿಡಿಗಳು ಕಪಾಟಿನಲ್ಲಿ ಆಕರ್ಷಕವಾಗಿ ಕಾಣುತ್ತವೆ. ಆದರೆ ತೋಟದ ತರಗೆಲೆಯ ಮೇಲೆ ಬಿದ್ದರೆ ಮತ್ತೆ ಸಿಗುವುದಿಲ್ಲ. ತೋಟಕ್ಕೆ ಕೆಂಪು ಅಥವಾ ಹಳದಿ ಹಿಡಿಯೇ ಲೇಸು.

ಲಾಕ್ ಎಂಬ ಮುಖ್ಯ ಅಂಗ

ಉಳಿತಾಯ ಮಾಡಬಾರದ ಜಾಗ ಒಂದಿದ್ದರೆ ಅದು ಲಾಕ್. ಅಗ್ಗದ ಚಾಕುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ರಚನೆ ಕಾಣುತ್ತದೆ. ಮೊದಲನೆಯದರಲ್ಲಿ ಲಾಕ್ ಇರುವುದೇ ಇಲ್ಲ. ಬೆನ್ನಿನ ಸ್ಪ್ರಿಂಗ್ ಒತ್ತಡ ಮಾತ್ರ ಅಲಗನ್ನು ತೆರೆದ ಸ್ಥಿತಿಯಲ್ಲಿ ಇರಿಸುತ್ತದೆ. ಹಗ್ಗ, ಕಾಗದ, ಹಣ್ಣಿನ ಕೆಲಸಕ್ಕೆ ಇದು ಸಾಕು. ಎರಡನೆಯದರಲ್ಲಿ ಹಿಡಿಯ ಬೆನ್ನಿನಲ್ಲಿರುವ ಸನ್ನೆಯು ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಮೂರನೆಯದು ಹಿಡಿಯ ಒಳಮಗ್ಗುಲಿನ ತೆಳು ಲೋಹಪಟ್ಟಿ ಚಿಮ್ಮಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುವ ಬಗೆ. ಇಂದಿನ ಅಗ್ಗದ ಚಾಕುಗಳಲ್ಲಿ ಬಹಳಷ್ಟು ಇದೇ ಜಾತಿಯವು. ಇದರೊಳಗೆ ಸೇರಿದ ಮಣ್ಣನ್ನೂ ಹಣ್ಣಿನ ಲೋಳೆಯನ್ನೂ ತೊಳೆಯುವುದು ಸುಲಭ. ಆದರೆ ಪಟ್ಟಿ ತೀರ ತೆಳುವಾಗಿದ್ದರೆ ಅಥವಾ ಅಲಗಿನ ಬುಡವನ್ನು ಅರೆಬರೆ ಮುಟ್ಟುತ್ತಿದ್ದರೆ, ಬಲ ಬಿದ್ದಾಗ ಜಾರಿ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ.

ಇದರ ಪರಿಣಾಮವನ್ನು ರೂಪಾಯಿಗಳಲ್ಲಿಯೇ ನೋಡಬಹುದು. ಕೆಲಸದ ವೇಳೆ ಆಗುವ ಗಾಯಕ್ಕೆ ಇಎಸ್‌ಐ ವ್ಯಾಪ್ತಿಗೆ ಬಾರದ ತೋಟಗಳಲ್ಲಿ ಮಾಲೀಕನೇ ಪರಿಹಾರ ನೀಡಬೇಕೆಂಬುದು 1923ರ ನೌಕರರ ಪರಿಹಾರ ಕಾಯಿದೆಯಲ್ಲಿದ್ದು, ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿದೆ. ತೋರುಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 14ರಷ್ಟು ನಷ್ಟವೆಂದು ಅನುಸೂಚಿ ಪರಿಗಣಿಸುತ್ತದೆ. ತಿಂಗಳಿಗೆ ರೂ. 12,000 ವೇತನ ಪಡೆಯುವ 40 ವರ್ಷದ ಕಾರ್ಮಿಕನೆಂದು ಭಾವಿಸಿದರೆ, ವೇತನದ ಶೇ. 60 ಆದ ರೂ. 7,200ನ್ನು ಆ ವಯಸ್ಸಿನ ಗುಣಕವಾದ 184.17ರಿಂದ ಗುಣಿಸಿದಾಗ ರೂ. 13,26,024 ಬರುತ್ತದೆ. ಇದರ ಶೇ. 14 ಎಂದರೆ ಸುಮಾರು ರೂ. 1,85,643. ಚಾಕು ಒಂದಕ್ಕೆ ನೂರಿನ್ನೂರು ರೂಪಾಯಿ ಉಳಿಸಿದ ತೋಟದ ಮಾಲೀಕನು ಪಕ್ಕದಲ್ಲಿ ಇರಿಸಿಕೊಳ್ಳಬೇಕಾದ ಅಂಕಿ ಇದು. ಬೆರಳು ಕಳೆದುಕೊಂಡವನ ನಷ್ಟ ಈ ಲೆಕ್ಕದಲ್ಲಿ ಪೂರ್ತಿ ಬರುವುದಿಲ್ಲವೆಂಬುದು ಬೇರೆ ಮಾತು.

ಪರೀಕ್ಷೆ ಕಷ್ಟವಲ್ಲ. ಚಾಕುವನ್ನು ಇಪ್ಪತ್ತು ಬಾರಿ ತೆರೆದು ಮುಚ್ಚಬೇಕು. ತೆರೆದಾಗ ಅಲಗು ಅತ್ತಿತ್ತ ಅಲುಗುತ್ತದೆಯೇ, ಮುಚ್ಚಿದಾಗ ಹಿಡಿಯ ನಡುವೆ ನೇರವಾಗಿ ಕೂರುತ್ತದೆಯೇ ಎಂದು ನೋಡಬೇಕು. ನಂತರ ಅಲಗು ಮಡಚುವ ದಾರಿಯಲ್ಲಿ ಬೆರಳುಗಳಿಲ್ಲದಂತೆ ಹಿಡಿದು, ಅಲಗಿನ ಬೆನ್ನನ್ನು ಮರದ ಮೇಜಿನ ಮೇಲೆ ಒತ್ತಬೇಕು. ಈ ಒತ್ತಡಕ್ಕೇ ಬಿಟ್ಟುಕೊಡುವ ಲಾಕ್ ತೋಟಕ್ಕೆ ಹೋಗತಕ್ಕದ್ದಲ್ಲ. ಡಜನ್‌ಗೆ ಒಂದನ್ನಲ್ಲ, ಪ್ರತಿಯೊಂದನ್ನೂ ಹೀಗೆ ನೋಡಬೇಕು. ಅಗ್ಗದ ತಯಾರಿಕೆಯಲ್ಲಿ ಒಂದಕ್ಕೂ ಮತ್ತೊಂದಕ್ಕೂ ವ್ಯತ್ಯಾಸ ಹೆಚ್ಚು.

ಉಕ್ಕು

ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ 'ಇದು ಸ್ಟೇನ್‌ಲೆಸ್ ಅಲ್ಲ' ಎಂದು ತೀರ್ಮಾನಿಸುವ ವಾಡಿಕೆ ಅನೇಕ ಅಂಗಡಿಗಳಲ್ಲಿದೆ. ಪಾತ್ರೆಗಳ ಮಟ್ಟಿಗೆ ಇದು ಒಂದಿಷ್ಟು ಸರಿ. ಚಾಕುವಿನ ಮಟ್ಟಿಗೆ ತಲೆಕೆಳಗು. ಕಾಯಿಸಿ ಹದ ಹಾಕಿ ಗಡಸುಗೊಳಿಸಬಲ್ಲ ಸ್ಟೇನ್‌ಲೆಸ್ ಉಕ್ಕುಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಅಂಟದೇ ಇರುವ ಅಲಗು ಪಾತ್ರೆಯ ಜಾತಿಯ ಉಕ್ಕಿನದಿರಬಹುದು. ಅದು ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಹರಿತವನ್ನೂ ಹಿಡಿದಿಡುವುದಿಲ್ಲ.

ಚೀನಾದ ಅಗ್ಗದ ಚಾಕುಗಳ ಅಲಗಿನ ಮೇಲೆ 3ಸಿಆರ್13, 8ಸಿಆರ್13ಎಂಒವಿ ಎಂಬ ಗುರುತುಗಳು ಇರುವುದುಂಟು. ಮೊದಲ ಅಂಕಿ ಇಂಗಾಲದ ಪ್ರಮಾಣವನ್ನು, 13 ಎಂಬುದು ಕ್ರೋಮಿಯಂ ಶೇಕಡಾವಾರನ್ನು ಸೂಚಿಸುತ್ತದೆ. 3 ಎಂದರೆ ಸುಮಾರು ಶೇ. 0.3 ಇಂಗಾಲ, 8 ಎಂದರೆ ಸುಮಾರು ಶೇ. 0.8. ಇಂಗಾಲ ಹೆಚ್ಚಿದ್ದು ಹದ ಸರಿಯಾಗಿದ್ದರೆ ಹರಿತ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಗುರುತು ಒತ್ತುವುದು ಸುಲಭ, ಹದ ಹಾಕುವುದು ಕಷ್ಟ. ಸಣ್ಣ ಅರವನ್ನು ಅಲಗಿನ ಬುಡದಲ್ಲಿ ಉಜ್ಜಿ ನೋಡಿದರೆ ಗಡಸು ಉಕ್ಕಿನ ಮೇಲೆ ಅದು ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ಒಂದು ಮಾದರಿಯನ್ನು ಹೀಗೆ ಕೆಡಿಸಿ ನೋಡುವ ಖರ್ಚು ಇಡೀ ಪೆಟ್ಟಿಗೆ ಉಳಿದುಹೋಗುವ ನಷ್ಟಕ್ಕಿಂತ ಕಡಿಮೆ.

ಸಾದಾ ಇಂಗಾಲದ ಉಕ್ಕು ಅಗ್ಗದಲ್ಲಿ ಒಳ್ಳೆಯ ಹರಿತ ಕೊಡುತ್ತದೆ, ಮಸೆಯಲು ಸುಲಭ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಳಸದ ಮಳೆಯಲ್ಲಿ ಅದನ್ನು ಒರೆಸಿ ಎಣ್ಣೆ ಹಚ್ಚದೆ ಇಟ್ಟರೆ ಮರುದಿನವೇ ಕೆಂಪಾಗುತ್ತದೆ. ಪ್ರಸಿದ್ಧ ಹೆಸರೂ ಈ ಹವೆಯಿಂದ ಪಾರಾಗುವುದಿಲ್ಲ. ಫ್ರಾನ್ಸಿನ ಒಪಿನೆಲ್ 1890ರಿಂದ ತಯಾರಾಗುತ್ತಿರುವ, 1955ರಿಂದ ತಿರುಗಿಸುವ ಉಂಗುರದ ಲಾಕ್ ಇರುವ ಉತ್ತಮ ಚಾಕು. ಅದರ ಮರದ ಹಿಡಿ ತೇವಕ್ಕೆ ಉಬ್ಬಿದಾಗ ಅಲಗು ಬಿಗಿಯಾಗಿ ತೆರೆಯುವುದೇ ಕಷ್ಟವಾಗುತ್ತದೆ. ಸವಾಯ್ ಬೆಟ್ಟಗಳಲ್ಲಿ ಹುಟ್ಟಿದ ವಿನ್ಯಾಸ ಮಲೆನಾಡಿನ ಮಳೆಗಾಲಕ್ಕೆ ಒಗ್ಗಲೇಬೇಕೆಂದಿಲ್ಲ.

ಹೆಸರು ಮತ್ತು ಬಿಲ್ಲು

ಜರ್ಮನಿಯ ಜೋಲಿಂಗನ್ ಪಟ್ಟಣದ ಹೆಸರನ್ನು ಆ ಪ್ರದೇಶದಲ್ಲಿ ತಯಾರಾದ ಚಾಕು ಕತ್ತರಿಗಳ ಮೇಲೆ ಮಾತ್ರ ಒತ್ತಬಹುದೆಂದು 1938ರಲ್ಲಿಯೇ ಕಾನೂನಾಯಿತು. ಊರಿನ ಹೆಸರೇ ಬಂಡವಾಳವಾಗುವ ಈ ಬಗೆ ಕಾಫಿ ಸೀಮೆಗೆ ಹೊಸದಲ್ಲ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ತಮ್ಮ ಕಾಫಿಯ ಹೆಸರನ್ನು ಬೇರೆಯವರು ಬಳಸಿದರೆ ಸಹಿಸದ ಊರಿನಲ್ಲಿ ನಕಲಿ ಸ್ವಿಸ್ ಚಾಕು ಮಾರುವುದು ಶೋಭಿಸದು. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 104ನೆಯ ಕಲಂ ಪ್ರಕಾರ ಸುಳ್ಳು ಮುದ್ರೆಯ ಸರಕು ಮಾರುವುದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವೂ ರೂ. 50,000ದಿಂದ 2 ಲಕ್ಷದವರೆಗೆ ದಂಡವೂ ಇದೆ. ಎಚ್ಚರ ವಹಿಸಿ ಕೊಂಡಿದ್ದೆನೆಂದು ತೋರಿಸುವ ಹೊಣೆ ಮಾರಿದವನದು, ತೋರಿಸಲು ಬೇಕಾದುದು ಖರೀದಿ ಬಿಲ್ಲು.

ಹೆಸರಿಲ್ಲದ ಸರಕಿನ ಅಪಾಯ ಬೇರೆ ಬಗೆಯದು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ 86ನೆಯ ಕಲಂ ಪ್ರಕಾರ, ದೋಷವುಳ್ಳ ಸರಕಿನಿಂದ ಹಾನಿಯಾದಾಗ ತಯಾರಕನು ಯಾರೆಂದು ತಿಳಿಯದಿದ್ದರೆ, ಅಥವಾ ತಿಳಿದರೂ ಅವನಿಗೆ ನೋಟಿಸ್ ಜಾರಿ ಮಾಡಲಾಗದಿದ್ದರೆ, ಮಾರಾಟಗಾರನೇ ಹೊಣೆಯಾಗುತ್ತಾನೆ. ಆದುದರಿಂದ ಪೊಟ್ಟಣದ ಮೇಲೆ ಆಮದುದಾರನ ಅಥವಾ ತಯಾರಕನ ಹೆಸರು ವಿಳಾಸ, ತಯಾರಾದ ದೇಶ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸುವ ವಿವರ ಇವೆಯೇ ಎಂದು ನೋಡುವುದು 2011ರ ಪೊಟ್ಟಣ ಸರಕು ನಿಯಮಗಳ ಪಾಲನೆಯಷ್ಟೇ ಅಲ್ಲ, ಸ್ವಂತ ರಕ್ಷಣೆಯೂ ಹೌದು. ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಚಾಕುಗಳಲ್ಲಿ ಇದಾವುದೂ ಇರುವುದಿಲ್ಲ.

ಶಸ್ತ್ರಾಸ್ತ್ರ ಕಾಯಿದೆಯ ಭಯ ಕೆಲವರಿಗಿದೆ. ಕೇವಲ ಗೃಹ ಅಥವಾ ಕೃಷಿ ಬಳಕೆಗೆ ರೂಪಿಸಿದ ವಸ್ತುಗಳನ್ನು 1959ರ ಆ ಕಾಯಿದೆಯ ವ್ಯಾಖ್ಯೆ ಹೊರಗಿಡುತ್ತದೆ. ಗುಂಡಿ ಒತ್ತಿದೊಡನೆ ಸ್ಪ್ರಿಂಗ್ ಬಲದಿಂದ ಹಾರಿ ತೆರೆಯುವ ಚಾಕುಗಳ ಮಾತು ಬೇರೆ. ದೆಹಲಿಯಲ್ಲಿ 1980ರಿಂದಲೇ ಅವುಗಳ ಮೇಲೆ ನಿರ್ಬಂಧವಿದೆ. ತೋಟಕ್ಕೆ ಅವುಗಳಿಂದ ಉಪಯೋಗವೂ ಇಲ್ಲ. ದಾಸ್ತಾನಿನಲ್ಲಿ ಇಡದಿರುವುದೇ ಸರಿ.

ಜಿಎಸ್‌ಟಿಯಲ್ಲಿ ಸಾಮಾನ್ಯವಾಗಿ ಆಗಬಹುದಾದ ತಪ್ಪೊಂದಿದೆ. ಕೈಯಿಂದ ಬಳಸುವ ಕತ್ತಿ, ಕುಡುಗೋಲು, ಕಸಿ ಕತ್ತರಿಗಳು 8201ನೆಯ ಶೀರ್ಷಿಕೆಗೆ ಸೇರಿ ತೆರಿಗೆಯಿಂದ ವಿನಾಯಿತಿ ಪಡೆದಿವೆ. ರೆಂಬೆ ಕತ್ತರಿಸುವ ಚಾಕು ಸಹ ಕೃಷಿ ಉಪಕರಣವೇ ಅಲ್ಲವೇ ಎಂದು ಅದನ್ನೂ ತೆರಿಗೆಯಿಲ್ಲದೆ ಬಿಲ್ ಮಾಡುವುದುಂಟು. ಆದರೆ 8211ನೆಯ ಶೀರ್ಷಿಕೆಯು ಅಂತಹ ಚಾಕುಗಳನ್ನು ಹೆಸರಿಸಿಯೇ ಒಳಗೊಂಡಿದೆ. ಮಡಿಸುವ ಅಲಗಿನವು ಅದರಲ್ಲಿ 821193. ಇವುಗಳ ತೆರಿಗೆ 2017ರಲ್ಲಿ ಶೇ. 12 ಇದ್ದುದು 2022ರ ಜುಲೈ 18ರಿಂದ ಶೇ. 18 ಆಗಿದೆ. ತಪ್ಪು ಶೀರ್ಷಿಕೆಯಲ್ಲಿ ಮಾರಿದ ವರ್ತಕನು ತೆರಿಗೆಯನ್ನು ಬಡ್ಡಿ ದಂಡಗಳೊಡನೆ ಕೈಯಿಂದ ಕಟ್ಟಬೇಕಾಗುತ್ತದೆ. ಸ್ವಂತ ಬೆಳೆ ಮಾತ್ರ ಮಾರುವ ಬೆಳೆಗಾರನಿಗೆ ನೋಂದಣಿಯೂ ಇಲ್ಲ, ಹೂಡುವಳಿ ತೆರಿಗೆ ಜಮೆಯೂ ಇಲ್ಲ. ಅವನಿಗೆ ಈ ತೆರಿಗೆ ಪೂರ್ತಿ ಖರ್ಚೇ.

ಬೆಲೆಯ ಲೆಕ್ಕ

ದಿನಗೂಲಿ ರೂ. 480, ಕೆಲಸದ ಅವಧಿ 8 ಗಂಟೆ ಎಂದಿಟ್ಟುಕೊಂಡರೆ ನಿಮಿಷಕ್ಕೆ ಒಂದು ರೂಪಾಯಿ. ರೂ. 150ರ ಚಾಕುವನ್ನು ದಿನವೂ 10 ನಿಮಿಷ ಮಸೆಯಬೇಕಾದರೆ 60 ದಿನಗಳ ಹಂಗಾಮಿನಲ್ಲಿ ಮಸೆತಕ್ಕೇ ರೂ. 600, ಒಟ್ಟು ರೂ. 750. ರೂ. 600ರ ಚಾಕುವನ್ನು ಮೂರು ದಿನಕ್ಕೊಮ್ಮೆ ಮಸೆದರೆ ಸಾಕು ಎಂದಾದರೆ ಮಸೆತಕ್ಕೆ ರೂ. 200, ಒಟ್ಟು ರೂ. 800. ಒಂದೇ ಹಂಗಾಮು ನೋಡುವವನಿಗೆ ಅಗ್ಗದ್ದೇ ಸರಿ. ಅಗ್ಗದ್ದು ಪ್ರತಿ ವರ್ಷ ಹೊಸದಾಗಿ ಬೇಕು, ಉತ್ತಮವಾದದ್ದು ಎರಡನೆಯ ವರ್ಷಕ್ಕೂ ಬಾಳುತ್ತದೆ ಎಂದಾದರೆ ಎರಡು ಹಂಗಾಮಿನ ಮೊತ್ತ ಕ್ರಮವಾಗಿ ರೂ. 1,500 ಮತ್ತು ರೂ. 1,000. ಗುತ್ತಿಗೆ ತಂಡಗಳಿಗೆ ಹಂಚುವ, ಅರ್ಧಕ್ಕರ್ಧ ಕಳೆದುಹೋಗುವ ಚಾಕುಗಳಿಗೆ ಈ ಎರಡನೆಯ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಲಾಕ್ ಒಂದನ್ನು ಪರೀಕ್ಷಿಸಿ ಅಗ್ಗದ್ದನ್ನು ಕೊಡುವುದೇ ವಿವೇಕ. ಕಾಯಂ ಕೆಲಸಗಾರರಿಗೂ ನರ್ಸರಿಗೂ ಉತ್ತಮವಾದದ್ದು ಮಿತವ್ಯಯ. ಗ್ರಾಹಕನನ್ನು ಇದೊಂದು ಪ್ರಶ್ನೆ ಕೇಳಿ ಮಾರುವ ಅಂಗಡಿಗೆ ಅವನು ಮರುವರ್ಷವೂ ಬರುತ್ತಾನೆ.

ಹೊಸ ಸರಬರಾಜುದಾರನಿಂದ ಕೊಳ್ಳುವವರು ಮೇ ತಿಂಗಳಲ್ಲಿಯೇ ಮೂರು ನಾಲ್ಕು ಮಾದರಿಗಳನ್ನು ಬಿಲ್ಲಿನೊಡನೆ ತರಿಸಿ, ಪರಿಚಯದ ಒಬ್ಬ ರೈಟರ್ ಕೈಗೆ ಕೊಟ್ಟು ಮಳೆಗಾಲ ಪೂರ್ತಿ ಬಳಸಲು ಬಿಡಬಹುದು. ಅಕ್ಟೋಬರ್‌ನಲ್ಲಿ ಮರಳಿ ಬಂದ ಚಾಕುಗಳ ಕೀಲು, ಲಾಕ್, ತುಕ್ಕುಗಳನ್ನು ನೋಡಿ ಆದೇಶ ಕಳುಹಿಸಿದರೆ ಗಿಡಕಸಿಯ ಹಂಗಾಮಿಗೆ ಸರಕು ಕಪಾಟಿನಲ್ಲಿರುತ್ತದೆ.