ನಾಯಿಗಳನ್ನು ನೋಡಿ ಪಳಗಿದ ಕಣ್ಣಿಗೆ ಭೂಕಂಪ ಕಂಡಿತು!

2015ರ ಏಪ್ರಿಲ್ 25. ನೇಪಾಳದ ಗೋರ್ಖಾದಲ್ಲಿ 7.8 ತೀವ್ರತೆಯ ಭೂಕಂಪ. ಕಠ್ಮಂಡುವಿನ ಧರಹರಾ ಗೋಪುರ ನೆಲಕಚ್ಚಿತು. ಧೂಳು ಅಡಗುವ ಮೊದಲೇ ಫೋನುಗಳಿಂದ ಫೋಟೊಗಳು ಹೊರಟವು! ಸೀಳಿದ ಗೋಡೆ, ಮಗುಚಿದ ಮನೆ. ಜೊತೆಗೇ ಪ್ರಾರ್ಥನೆಯ ಪೋಸ್ಟರು, ನಾಯಕರ ಮುಖ, ಸಂಬಂಧವೇ ಇಲ್ಲದ ಜಾಹೀರಾತು. ಎಲ್ಲಿ ಏನು ಉರುಳಿದೆ ಎಂದು ಇಷ್ಟರೊಳಗಿಂದ ಹೆಕ್ಕುವವರಾದರೂ ಯಾರು?

ದೋಹಾದ ಕತಾರ್ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯ ಫೆರ್ದಾ ಒಫ್ಲಿ, ಮುಹಮ್ಮದ್ ಇಮ್ರಾನ್ ಮತ್ತು ಸಂಗಡಿಗರು ಆ ಫೋಟೊಗಳನ್ನೇ ಯಂತ್ರಕ್ಕೆ ಪಾಠವಾಗಿಟ್ಟರು. ಒಂದು ಕೆಲಸ, ಸಾವಿರ ಸಲ ಫಾರ್ವರ್ಡ್ ಆದ ಒಂದೇ ಚಿತ್ರವನ್ನು ಕಳಚುವುದು. ಚಿತ್ರವನ್ನು ಕುಗ್ಗಿಸಿ, ಅದರ ಬೆಳಕು-ನೆರಳನ್ನು ಸೊನ್ನೆ-ಒಂದುಗಳ ಪುಟ್ಟ ಬೆರಳಚ್ಚಾಗಿಸಿದರೆ ಸಾಕು, ಅಳತೆ ಬದಲಿಸಿಕೊಂಡು ಬಂದ ನಕಲೂ ಸಿಕ್ಕಿಬೀಳುತ್ತದೆ.

ಬೆರಗು ಇರುವುದು ಮುಂದೆ. ಅವರು ಬಳಸಿದ್ದು 2014ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ವಿಜಿಜಿ-16 ಎಂಬ ಕೃತಕ ನರಜಾಲ. ಅದು ಕಲಿತದ್ದು 12 ಲಕ್ಷಕ್ಕೂ ಹೆಚ್ಚು ಫೋಟೊಗಳಿಂದ, 1000 ವರ್ಗಗಳನ್ನು. ಅವುಗಳಲ್ಲಿ ನೂರಕ್ಕೂ ಹೆಚ್ಚು ನಾಯಿತಳಿಗಳೇ! ಅಣಬೆಯಿದೆ, ಟೀಪಾಟ್ ಇದೆ, 'ಕುಸಿದ ಮನೆ' ಎಂಬ ವರ್ಗ ಮಾತ್ರ ಇಲ್ಲ. ಹಾಗಿದ್ದೂ ಅದರ ಕೊನೆಯ ಪದರವನ್ನು ಬದಲಿಸಿ, ಮನುಷ್ಯರು 'ತೀವ್ರ ಹಾನಿ', 'ಅಲ್ಪ ಹಾನಿ', 'ಹಾನಿಯಿಲ್ಲ' ಎಂದು ಗುರುತು ಹಚ್ಚಿದ ಚಿತ್ರಗಳನ್ನು ತೋರಿಸಿ ತಿದ್ದಿದರೆ, ಅದು ಅವಶೇಷಗಳನ್ನು ಬೇರ್ಪಡಿಸತೊಡಗುತ್ತದೆ! ಹೇಗೆ? ಜಾಲದ ಮೊದಲ ಪದರಗಳು ನಾಯಿಯನ್ನು ನೋಡುವುದೇ ಇಲ್ಲ. ಅಂಚು, ಬಣ್ಣ, ಮೈಯ ಒರಟುತನ, ಇಷ್ಟನ್ನೇ ನೋಡುತ್ತವೆ. ನಾಯಿಯ ಕಿವಿಯ ಅಂಚನ್ನು ಕಂಡ ಕಣ್ಣಿಗೆ ಬಿರುಕಿನ ಅಂಚೂ ಅಂಚೇ.

ಆ ಭೂಕಂಪದ ದಿನಗಳಲ್ಲೇ ತಂಗಿಯನ್ನು ತಬ್ಬಿ ಕೂತ ಪುಟ್ಟ ಅಣ್ಣನ ಫೋಟೊವೊಂದು ಜಗತ್ತನ್ನೇ ಕರಗಿಸಿತ್ತು. ಅದು ನೇಪಾಳದ್ದೇ ಅಲ್ಲ, 2007ರ ಸುಮಾರಿಗೆ ವಿಯೆಟ್ನಾಂನಲ್ಲಿ ತೆಗೆದದ್ದು! ಉರುಳಿದ ಗೋಡೆಯನ್ನಷ್ಟೇ ಅರಸುವ ಲೆಕ್ಕದಲ್ಲಿ ಅದರ ಜಾಗ 'ಹಾನಿಯಿಲ್ಲ' ಎಂಬಲ್ಲಿ. ಯಂತ್ರಕ್ಕೆ ಕರುಳಿಲ್ಲದ್ದು ಇಲ್ಲೊಂದು ಅನುಕೂಲವೇ ಸರಿ. ಆದರೆ ಇನ್ನೆಲ್ಲಿಯದೋ ಹಳೆಯ ಭೂಕಂಪದ ನಿಜವಾದ ಇಟ್ಟಿಗೆರಾಶಿಯನ್ನು ಮುಂದಿಟ್ಟರೆ ಇದೇ ಜಾಣ 'ತೀವ್ರ ಹಾನಿ' ಎಂದು ಒದರೀತು. ಯಾವ ಊರು, ಯಾವ ವರ್ಷ ಎಂದು ಇಟ್ಟಿಗೆಯ ಮೇಲೆ ಬರೆದಿರುವುದಿಲ್ಲವಲ್ಲ!